ಸುಂಕದ ಕಟ್ಟೆಯ ನೆನಪು

ನಮ್ಮ ಆನಗೋಡು ಹೆದ್ದಾರಿಯ ಊರು. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಟವರು ನಮ್ಮೂರನ್ನು ಹಾದೇ ಹೋಗಬೇಕು. ನಿವೃತ್ತನಾಗಿ ಇಲ್ಲಿ ಬಂದು ನೆಲಸಿದ ಮೇಲೆ ಇರುಳೆಲ್ಲ ಹರಿಯುವ ಲಾರಿಗಳ ಸದ್ದು ನನಗೆ ರೂಢಿಯಾಗಿಬಿಟ್ಟಿದೆ. ಪುಣೆಯಲ್ಲಿ ಸರಕು ಹೇರಿಕೊಂಡ ಲಾರಿ ಬೆಂಗಳೂರನ್ನು ಮುಟ್ಟುವವರೆಗೆ ಈಗ ಯಾವ ಗಡಿಯಲ್ಲಿಯೂ ಮಾರಾಟ ತೆರಿಗೆಯ ತನಿಖಾ ಠಾಣೆಯ ಮುಂದೆ ಸಾಲುಗಟ್ಟಿ ನಿಲ್ಲಬೇಕಾಗಿಲ್ಲ. ಹೆಬ್ಬಾಳಿನ ಬಳಿ ಟೋಲ್ ಇದೆಯಲ್ಲ ಎಂದು ತಾವು ಕೇಳಬಹುದು. ಅದು ರಸ್ತೆಯನ್ನು ಬಳಸಿದ್ದಕ್ಕೆ ತೆರುವ ಶುಲ್ಕ. ಶುಲ್ಕಕ್ಕೆ ಪ್ರತಿಯಾಗಿ ಇಂಥದೇ ಸೌಕರ್ಯ ಬೇಕೆಂದು ಕೇಳಬಹುದು; ತೆರಿಗೆ ತೆತ್ತವನು ಹಾಗೆ ಕೇಳುವಂತಿಲ್ಲ. ಕೇಳುವಂತಿಲ್ಲವಾದ್ದರಿಂದಲೇ, ಕೊಟ್ಟದ್ದು ಯಾರ ಕೈ ಸೇರಿತು, ಅದರಲ್ಲಿ ಎಷ್ಟು ನಮ್ಮೂರಿಗೆ ಮರಳಿತು ಎಂಬ ಪ್ರಶ್ನೆ ಜನರ ಮನಸ್ಸಿನಿಂದ ಎಂದೂ ಹೋಗಿಲ್ಲ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಫಲವಿಲ್ಲವೆಂಬುದು ನಮ್ಮ ಗಾದೆ. ಆದರೂ ಆ ಕಾಯಕದವರೊಬ್ಬರು ನಮ್ಮ ವಚನಕಾರರ ಸಾಲಿನಲ್ಲಿ ಸಂದಿದ್ದಾರೆ. ಸುಂಕದ ಬಂಕಣ್ಣನೆಂಬ ಆ ಶರಣನ ಅಂಕಿತ ಬಂಕೇಶ್ವರಲಿಂಗ. ತೆರಿಗೆಯ ಪರಿಭಾಷೆಗೆ ಕನ್ನಡದಲ್ಲಿ ಬಡತನವಿಲ್ಲ. ಸಿದ್ಧಾಯ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಮನೆದೆರೆ, ಗಾಣದೆರೆ, ಮಗ್ಗದೆರೆ, ಹೀಗೆ ಶಾಸನಗಳಲ್ಲಿ ಹೆಸರುಗಳ ಸಂತೆಯೇ ನೆರೆದಿದೆ. ಸಿದ್ಧಾಯವೆಂದರೆ ಭೂಮಿಗೆ ಗೊತ್ತುಪಡಿಸಿದ ಕಂದಾಯ. ಹೆಜ್ಜುಂಕವೆಂದರೆ ಹಿರಿದು ಸುಂಕ. ಅದರ ಜೊತೆಗೆ ಬರುವ ಚಿಲ್ಲರೆ ಸುಂಕಗಳಿಗೆ ಕಿರುಕುಳವೆಂದು ಹೆಸರು. ಇಂದು ನಾವು ಆ ಮಾತನ್ನು ಯಾವ ಅರ್ಥದಲ್ಲಿ ಬಳಸುತ್ತೇವೆಂಬುದನ್ನು ನೆನೆದರೆ ಸಾಕು, ತೆತ್ತವರ ಅನುಭವವೇನಾಗಿದ್ದಿರಬಹುದೆಂದು ಊಹಿಸಿಕೊಳ್ಳಬಹುದು.

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಮ್ಮ ಸೀಮೆ ನೊಳಂಬವಾಡಿಗೆ ಸೇರಿತ್ತು. ಉಚ್ಚಂಗಿಯ ಪಾಂಡ್ಯರು ಚಕ್ರವರ್ತಿಗಳ ಸಾಮಂತರಾಗಿ ಅದನ್ನು ಆಳುತ್ತಿದ್ದರು. ಅರಮನೆಯ ಸುಂಕಾಧಿಕಾರಿಗಳು ಎತ್ತುವ ತೆರಿಗೆ ಬೇರೆ, ಮಂಡಲೇಶ್ವರನದು ಬೇರೆ. ಊರಿನ ಗೌಡರು, ಸೆಟ್ಟಿಗಳು, ನಾನಾದೇಶಿ ವರ್ತಕರು ಹೇರಿಗಿಷ್ಟು, ಗಾಣಕ್ಕಿಷ್ಟು ಎಂದು ತಮ್ಮ ಮೇಲೆ ತಾವೇ ಹಾಕಿಕೊಂಡು ದೇವಾಲಯಕ್ಕೆ ಬಿಡುತ್ತಿದ್ದ ಆಯ ಮತ್ತೂ ಬೇರೆ. ಸುಂಕದ ಹೆಗ್ಗಡೆಗಳೇ ತಮ್ಮ ವಸೂಲಿಯ ಒಂದು ಪಾಲನ್ನು ದೇವರ ನಂದಾದೀವಿಗೆಗೆ ದತ್ತಿಯಾಗಿ ಬಿಟ್ಟದ್ದುಂಟು. ಎತ್ತಿದ್ದು ಎಲ್ಲಿ, ಸಂದದ್ದು ಎಲ್ಲಿ ಎಂಬುದೆರಡೂ ಅಂಥ ದತ್ತಿಯ ಒಂದೇ ಕಲ್ಲಿನ ಮೇಲೆ ಕಾಣುತ್ತವೆ. ಇದರಿಂದ ಅದು ಸುವರ್ಣಯುಗವಾಗಿತ್ತೆಂದು ನಾನು ಹೇಳಲಾರೆ. ಕಲ್ಲಿನ ಮೇಲೆ ಕೊಟ್ಟವರ ಪುಣ್ಯ ಉಳಿದಿದೆ, ತೆತ್ತವರ ಹೆಸರಿಲ್ಲ.

ಕಾಲ ಸರಿದಂತೆ ಕಿರುಕುಳವೇ ಹೆಚ್ಚಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಆಡಳಿತದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದ್ದಕ್ಕೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ! ಒಂದು ಹಳ್ಳಿಯವರು, ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರುತ್ತ ಬಂದಿದ್ದರಂತೆ. ನಗರ ಸೀಮೆಯ ಒಂದು ಜಾಗವನ್ನು, ಕೈಗಳನ್ನು ಮೈಗೆ ಒತ್ತಿ ಹಿಡಿಯದೆ ದಾಟಿದವನು ಹಣ ಕಟ್ಟಬೇಕಾಗಿತ್ತು. ಇದು ಕಟ್ಟುಕಥೆಯಲ್ಲ, ಇವೆಲ್ಲ ಸರ್ಕಾರದ ಲೆಕ್ಕದಲ್ಲಿ ಉತ್ಪನ್ನದ ಬಾಬ್ತುಗಳಾಗಿ ದಾಖಲಾಗಿದ್ದವು. ಕುದುರೆ ಸತ್ತು ಎಷ್ಟೋ ತಲೆಮಾರುಗಳಾಗಿದ್ದರೂ ಅದರ ತೆರಿಗೆ ಬದುಕಿತ್ತು. ಇಂದು ನಮ್ಮ ಸಂವಿಧಾನದ 265ನೆಯ ವಿಧಿ, ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸತಕ್ಕದ್ದಲ್ಲ, ವಸೂಲು ಮಾಡತಕ್ಕದ್ದಲ್ಲ ಎನ್ನುತ್ತದೆ. ಆ ಒಂದು ವಾಕ್ಯದ ಬೆಲೆ ತಿಳಿಯಬೇಕಾದರೆ ಈ ಕುದುರೆಯನ್ನು ನೆನೆಯಬೇಕು.

ಇನ್ನು ಹರಿಹರಕ್ಕೆ ಬರೋಣ. ಸ್ವಾತಂತ್ರ್ಯಕ್ಕೆ ಮುಂಚೆ ಅಲ್ಲಿ ತುಂಗಭದ್ರೆಯೇ ಮೈಸೂರಿನ ಎಲ್ಲೆ. ಹೊಳೆಯಾಚೆ ರಾಣೆಬೆನ್ನೂರು ಮುಂಬಯಿ ಪ್ರಾಂತ್ಯ. ಉತ್ತರದಲ್ಲಿ ಹರಪನಹಳ್ಳಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಮಾತು ಒಂದೇ ಕನ್ನಡ, ಬೀಗತನವೂ ಒಂದೇ ಬಳಗದಲ್ಲಿ, ಸರ್ಕಾರ ಮಾತ್ರ ಮೂರು. ಸಾಮಾನ್ಯ ಮಾರಾಟ ತೆರಿಗೆಯನ್ನು ಮದರಾಸು 1939ರಲ್ಲಿಯೇ ತಂದಿತು, ಮುಂಬಯಿ 1946ರಲ್ಲಿ, ಮೈಸೂರು 1948ರಲ್ಲಿ. ಹೀಗಾಗಿ ಕೆಲವು ವರ್ಷ ಹರಪನಹಳ್ಳಿಯ ಅಂಗಡಿಗೆ ಇದ್ದ ತೆರಿಗೆ ದಾವಣಗೆರೆಯ ಅಂಗಡಿಗೆ ಇರಲಿಲ್ಲ. ನಮ್ಮಜ್ಜ ಈ ಮಾತು ಬಂದಾಗಲೆಲ್ಲ, ಬೀಗರ ಮನೆಯ ಮದುವೆಗೂ ಜವಳಿ ನಮ್ಮ ಕಡೆಯಿಂದಲೇ ಹೋಗುತ್ತಿತ್ತೆಂದು ನಗುತ್ತಿದ್ದರು. ಮೈಸೂರಿಗೆ ತನ್ನದೇ ಆದಾಯ ತೆರಿಗೆಯೂ ಇತ್ತು. 1950ರ ಏಪ್ರಿಲ್ 1ರಿಂದ ಅದು ಕೇಂದ್ರದ ಕೈ ಸೇರಿತು. ಏಕೀಕರಣವಾದ ಮೇಲೆ 1957ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಮಾರಾಟ ತೆರಿಗೆಯ ಕಾಯಿದೆ ಬಂದಿತು. ಏಕೀಕರಣವನ್ನು ನಾವು ಸಾಹಿತಿಗಳು ಭಾಷೆಯ ಹಬ್ಬವೆಂದೇ ಹಾಡುತ್ತೇವೆ. ಅಂಗಡಿಕಾರನ ಲೆಕ್ಕದ ಪುಸ್ತಕಕ್ಕೂ ಅದು ಹಬ್ಬವೇ ಆಗಿತ್ತು.

ಸಂವಿಧಾನ ಮಾಡಿದ ಪಾಲುಪಟ್ಟಿಯನ್ನು ಬೇಗನೆ ಹೇಳಿಬಿಡುತ್ತೇನೆ. ಕೃಷಿಯೇತರ ಆದಾಯ, ಕಂಪನಿಗಳ ಲಾಭ, ಹೊರದೇಶದ ಸರಕು, ಕಾರ್ಖಾನೆಯ ಉತ್ಪನ್ನ ಇವುಗಳ ತೆರಿಗೆ ಕೇಂದ್ರಕ್ಕೆ. ಭೂಕಂದಾಯ, ಕೃಷಿ ಆದಾಯ, ಮದ್ಯ, ವಾಹನ, ಮಾರಾಟ ಇವು ರಾಜ್ಯಕ್ಕೆ. ಮನೆಯ ಕಂದಾಯವನ್ನು ರಾಜ್ಯದ ಕಾನೂನಿನಂತೆ ಪುರಸಭೆ, ಪಂಚಾಯತಿಗಳು ಎತ್ತುತ್ತವೆ. ಗಳಿಸಿದವನೇ ನೇರವಾಗಿ ಕಟ್ಟುವುದು ಪ್ರತ್ಯಕ್ಷ ತೆರಿಗೆ. ವರ್ತಕ ಕಟ್ಟಿ ನಮ್ಮಿಂದ ಬೆಲೆಯಲ್ಲಿ ತೆಗೆದುಕೊಳ್ಳುವುದು ಪರೋಕ್ಷ. ಎರಡನೆಯದರಲ್ಲಿ ಬಡವನಿಗೂ ಧನಿಕನಿಗೂ ಒಂದೇ ಸಾಬೂನಿಗೆ ಒಂದೇ ತೆರಿಗೆ. ಇದು ಅದರ ಹಳೆಯ ದೋಷ.

ನಾನು ಹುಡುಗನಾಗಿದ್ದಾಗ ದಾವಣಗೆರೆಯ ಅಂಚಿನಲ್ಲಿ ಆಕ್ಟ್ರಾಯ್ ನಾಕೆಯಿತ್ತು. ನಮ್ಮ ತಂದೆ ಅದನ್ನು ಸುಂಕದ ಕಟ್ಟೆಯೆಂದೇ ಕರೆಯುತ್ತಿದ್ದರು. ಶೇಂಗಾ ಚೀಲ ಹೇರಿದ ಗಾಡಿ ಅಲ್ಲಿ ನಿಲ್ಲಬೇಕು. ಚೀಲ ಎಣಿಸಿ, ಚೀಟಿ ಬರೆಸಿಕೊಳ್ಳುವಷ್ಟರಲ್ಲಿ ಎತ್ತುಗಳು ಹಗ್ಗ ಜಗ್ಗುತ್ತಿದ್ದವು. 1979ರಲ್ಲಿ ರಾಜ್ಯದಲ್ಲಿ ಆಕ್ಟ್ರಾಯ್ ಹೋಗಿ ಪ್ರವೇಶ ತೆರಿಗೆ ಬಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದು ಅದನ್ನೂ ನುಂಗಿತು. ರಾಜ್ಯದೊಳಗಿನ ಮಾರಾಟಕ್ಕೆ ನೂರಕ್ಕೆ 18 ತೆರಿಗೆಯಾದರೆ 9 ಕೇಂದ್ರಕ್ಕೆ, 9 ರಾಜ್ಯಕ್ಕೆ. ರಾಜ್ಯ ದಾಟಿ ಹೋದ ಸರಕಿನಲ್ಲಿ ರಾಜ್ಯದ ಪಾಲು ಅದನ್ನು ಬಳಸುವ ರಾಜ್ಯಕ್ಕೆ ಸಲ್ಲುತ್ತದೆ, ತಯಾರಿಸಿದ್ದಕ್ಕಲ್ಲ. ಪೆಟ್ರೋಲು, ಕುಡಿಯುವ ಮದ್ಯ ಮೊದಲಾದ ಕೆಲವು ಸರಕುಗಳ ಮೇಲೆ ರಾಜ್ಯಗಳು ತಮ್ಮ ಹಿಡಿತ ಬಿಟ್ಟುಕೊಟ್ಟಿಲ್ಲ. ಕಟ್ಟೆ ಹೋದದ್ದಕ್ಕೆ ನನಗೆ ಸಂತೋಷವೇ. ಆದರೆ ದರ ಹೆಚ್ಚಿಸುವ, ತಗ್ಗಿಸುವ ಅಧಿಕಾರದ ಬಹುಪಾಲು ವಿಧಾನಸಭೆಯಿಂದ ಎದ್ದು, ಎಲ್ಲ ರಾಜ್ಯಗಳೂ ಕೇಂದ್ರವೂ ಕೂಡಿ ಕುಳಿತುಕೊಳ್ಳುವ ಮಂಡಳಿಗೆ ಹೋಯಿತು.

ಕೇಂದ್ರ ಎತ್ತಿದ್ದರಲ್ಲಿ ರಾಜ್ಯಗಳ ಪಾಲನ್ನು ಹಣಕಾಸು ಆಯೋಗ ಸೂಚಿಸುತ್ತದೆ. 14ನೆಯ ಆಯೋಗದ ಲೆಕ್ಕದಲ್ಲಿ, ರಾಜ್ಯಗಳಿಗೆ ಹಂಚುವ ಪ್ರತಿ 100 ರೂಪಾಯಿಯಲ್ಲಿ ಕರ್ನಾಟಕಕ್ಕೆ 4 ರೂಪಾಯಿ 71 ಪೈಸೆ ಬರುತ್ತಿತ್ತು. 15ನೆಯ ಆಯೋಗ 2021ರಿಂದ 2026ರವರೆಗಿನ ಅವಧಿಗೆ ಅದನ್ನು 3 ರೂಪಾಯಿ 65 ಪೈಸೆಗೆ ಇಳಿಸಿತು. ಬಡ ರಾಜ್ಯಕ್ಕೆ ಹೆಚ್ಚು ಪಾಲೆಂಬುದು ಅಲ್ಲಿಯ ಮುಖ್ಯ ಸೂತ್ರ; ತಲಾ ಆದಾಯದ ಅಂತರಕ್ಕೇ ನೂರರಲ್ಲಿ 45 ಅಂಕ. ಸೂತ್ರ ಅನ್ಯಾಯದ್ದೆಂದು ನಾನು ಹೇಳುವುದಿಲ್ಲ. ಒಂದೇ ಮನೆಯಲ್ಲಿ ದುಡಿಯುವ ಮಗ ಇಲ್ಲದವನಿಗೆ ಕೊಡಬೇಕಾದದ್ದೇ. ಆದರೆ ಬೆಂಗಳೂರಿನ ಆದಾಯವನ್ನೂ ನಮ್ಮ ಜಗಳೂರಿನ ಒಣಭೂಮಿಯನ್ನೂ ಕೂಡಿಸಿ ಭಾಗಿಸಿ ತೆಗೆದ ಸರಾಸರಿಯಲ್ಲಿ ಜಗಳೂರಿನವನೂ ಶ್ರೀಮಂತನೆನಿಸಿಕೊಳ್ಳುತ್ತಾನೆ. ನನ್ನ ತಕರಾರು ಇಷ್ಟೇ.

ಮೊನ್ನೆ ಕರವಸೂಲಿಗಾರರು ಮನೆಗೆ ಬಂದು ಕಂದಾಯದ ರಸೀದಿ ಕೊಟ್ಟರು. ಅದರಲ್ಲಿ ಗ್ರಂಥಾಲಯ ಕರವೆಂದು ಒಂದು ಬಾಬ್ತಿತ್ತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಬಂದದ್ದು.

"ಇದು ಎಲ್ಲಿಗೆ ಹೋಗುತ್ತದಪ್ಪಾ?" ಎಂದೆ.

"ಪುಸ್ತಕಕ್ಕೆ ಹೋಗುತ್ತೆ ಮೇಷ್ಟ್ರೇ. ಎದುರಿಗೇ ಐತಲ್ಲ, ಸಂಜೆ ಬಂದು ನೋಡ್ರಿ" ಎಂದರು.

ನಾನು ಸಂಜೆ ಹೋದೆ. ಶಾಲೆಯ ಇಬ್ಬರು ಹುಡುಗಿಯರು ಒಂದೇ ಪುಸ್ತಕವನ್ನು ಇಬ್ಬರ ನಡುವೆ ಹರಡಿಕೊಂಡು ಓದುತ್ತಿದ್ದರು.