ವಿದೇಶಿ ವಿದ್ಯಾರ್ಥಿಗಳು: ಲೆಕ್ಕಕ್ಕುಂಟು, ಆಟಕ್ಕಿಲ್ಲ

ಕೆಜಿಎಫ್ ಅಥವಾ ಬಂಗಾರಪೇಟೆಯ ಸರ್ಕಾರಿ ಕಾಲೇಜಲ್ಲಿ ಡಿಗ್ರಿ ಓದುವ ಹುಡುಗಿಗೂ, ಬೆಂಗಳೂರಿನ ಕೊತ್ತನೂರಲ್ಲಿ ಬಾಡಿಗೆ ರೂಮು ಹಿಡಿದು ಓದುವ ಆಫ್ರಿಕಾದ ವಿದ್ಯಾರ್ಥಿಗೂ ಏನು ಸಂಬಂಧ? ಇಬ್ಬರ ಅಂಕಪಟ್ಟಿ ಮೇಲೂ ಒಂದೇ ವಿಶ್ವವಿದ್ಯಾಲಯದ ಹೆಸರಿರಬಹುದು. ಆದರೆ ಕಷ್ಟ ಬಂದಾಗ ಇಬ್ಬರೂ ಒಂದೇ ಬಾಗಿಲು ತಟ್ಟೋಕಾಗಲ್ಲ. ಯಾಕೆ ಅನ್ನೋದನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಕೋಲಾರ ಇಲ್ಲಿ ಎಲ್ಲಿಂದ ಬಂತು?

2017ರಲ್ಲಿ ಬೆಂಗಳೂರು ವಿವಿಯನ್ನು ವಿಭಜಿಸಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಶುರು ಮಾಡಿದರು. ಅದರ ಕೇಂದ್ರ ಕಚೇರಿ ಕೋಲಾರದ ಟಮಕದಲ್ಲಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳ ಜೊತೆಗೆ ಬೆಂಗಳೂರಿನ ಉತ್ತರ ಮತ್ತು ಪೂರ್ವ ಭಾಗದ ಅನೇಕ ಕಾಲೇಜುಗಳೂ ಅದರ ವ್ಯಾಪ್ತಿಗೆ ಬಂದವು. ಹೆಣ್ಣೂರು, ಕೊತ್ತನೂರು ಸುತ್ತಮುತ್ತ ವಿದೇಶಿ ವಿದ್ಯಾರ್ಥಿಗಳು ಹೆಚ್ಚು. ಹಾಗಾಗಿ ಇದು ಬರೀ ಬೆಂಗಳೂರಿನ ವಿಷಯ ಅಲ್ಲ, ಟಮಕದ ವಿಷಯವೂ ಹೌದು.

ಎಷ್ಟು ಜನ ಬರ್ತಾರೆ?

ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 2021-22ರಲ್ಲಿ ಭಾರತದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 46,878. ಇವರು 170 ದೇಶಗಳಿಂದ ಬಂದವರು. ನೇಪಾಳದವರದ್ದೇ ದೊಡ್ಡ ಪಾಲು, ಶೇ 28ರಷ್ಟು. 2019-20ರ ಸಮೀಕ್ಷೆಯಲ್ಲಿ ಅತಿ ಹೆಚ್ಚು ವಿದೇಶಿ ವಿದ್ಯಾರ್ಥಿಗಳಿದ್ದ ರಾಜ್ಯ ಕರ್ನಾಟಕ.

ಬಂದವರು ಏನೇನು ಪಾಲಿಸಬೇಕು?

ಪಟ್ಟಿ ಉದ್ದವಿದೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಇದ್ದರೆ ದೇಶಕ್ಕೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ, ಅಂದ್ರೆ ಎಫ್‌ಆರ್‌ಆರ್‌ಒದಲ್ಲಿ ನೋಂದಣಿ ಆಗಬೇಕು. ಈಗ ಇದೆಲ್ಲ ಆನ್‌ಲೈನ್. ಕಾಲೇಜು ಬದಲಾಯಿಸಬೇಕಾದರೆ ಅನುಮತಿ ಬೇಕು. ವಿದ್ಯಾರ್ಥಿ ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ. ಊರಿಂದ ದುಡ್ಡು ಬರೋದು ತಡವಾದರೆ ಪಾರ್ಟ್‌ಟೈಮ್ ಕೆಲಸ ಮಾಡಿ ಫೀಸು ಕಟ್ತೀನಿ ಅನ್ನೋ ದಾರಿಯೇ ಇಲ್ಲ. ನೇಪಾಳ, ಭೂತಾನ್ ಪ್ರಜೆಗಳಿಗೆ ಮಾತ್ರ ವೀಸಾ, ನೋಂದಣಿಯ ತಾಪತ್ರಯ ಇಲ್ಲ.

1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಬಂದಿದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಇದರಡಿ ವಿದೇಶಿಯರಿಗೆ ವಸತಿ ಕೊಟ್ಟವರು, ಸೇರಿಸಿಕೊಂಡ ಕಾಲೇಜು, ಚಿಕಿತ್ಸೆ ಕೊಡುವ ಆಸ್ಪತ್ರೆ, ಎಲ್ಲರೂ ಸರ್ಕಾರಕ್ಕೆ ಮಾಹಿತಿ ಕೊಡಬೇಕು. ವೀಸಾ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಜೈಲು, ಇಲ್ಲವೇ 3 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಅವರಿಗೆ ನೆರವು ಕೊಡಬೇಕು ಅಂತ ಎಲ್ಲಿದೆ?

ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿದೆ. ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯಲ್ಲೂ ಅವರನ್ನು ಬರಮಾಡಿಕೊಳ್ಳೋಕೆ, ನೆರವಾಗೋಕೆ ಪ್ರತ್ಯೇಕ ಕಚೇರಿ ಇರಬೇಕು ಅಂತ ಅದು ಹೇಳುತ್ತೆ. ಯುಜಿಸಿ ಮಾರ್ಗಸೂಚಿಯೂ ಇದೆ. ಮೈಸೂರು ವಿವಿಯಲ್ಲಿ ಇದಕ್ಕಂತಲೇ ಇಂಟರ್‌ನ್ಯಾಷನಲ್ ಸೆಂಟರ್ ಇದೆ.

ವ್ಯತ್ಯಾಸ ಗಮನಿಸಿ. ಮಾಹಿತಿ ಕೊಡದಿದ್ದರೆ ಅದು ಕಾನೂನಿನ ಉಲ್ಲಂಘನೆ. ನೆರವಿನ ಕಚೇರಿ ತೆರೆಯದಿದ್ದರೆ? ಅದು ಬರೀ ನೀತಿ, ಜೈಲೂ ಇಲ್ಲ ದಂಡವೂ ಇಲ್ಲ. ನೂರಾರು ಕಾಲೇಜುಗಳನ್ನು ಹೊರಗಿನಿಂದ ನಡೆಸುವ ಸಂಯೋಜಿತ ವ್ಯವಸ್ಥೆಯಲ್ಲಿ ವಿವಿ ಕಾಲೇಜಿನ ಕಡೆ ಕೈ ತೋರಿಸುತ್ತೆ, ಕಾಲೇಜು ವಿವಿ ಕಡೆ ತೋರಿಸುತ್ತೆ. ನಡುವೆ ಸಿಕ್ಕಿಹಾಕಿಕೊಳ್ಳೋದು ವಿದ್ಯಾರ್ಥಿ.

ಇದರಿಂದ ಆಗುವ ಅನಾಹುತ ಏನು?

2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ಪ್ರಜೆಯೊಬ್ಬನ ಕಾರು ಡಿಕ್ಕಿಯಾಗಿ ಸ್ಥಳೀಯ ಮಹಿಳೆ ತೀರಿಕೊಂಡರು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು, ಬಟ್ಟೆ ಹರಿಯಿತು, ಕಾರು ಸುಟ್ಟಿತು. ಅಪಘಾತಕ್ಕೂ ಆಕೆಗೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ, ಅಷ್ಟೆ.

2021ರ ಆಗಸ್ಟ್‌ನಲ್ಲಿ ಜೆ.ಸಿ. ನಗರ ಪೊಲೀಸರ ವಶದಲ್ಲಿದ್ದ ಕಾಂಗೋ ಯುವಕನೊಬ್ಬ ಮೃತಪಟ್ಟ. ಓದೋಕೆ ಬಂದಿದ್ದವನು, ವೀಸಾ ಅವಧಿ ಮುಗಿದಿತ್ತು. ಠಾಣೆ ಮುಂದೆ ಪ್ರತಿಭಟಿಸಿದ ಆಫ್ರಿಕನ್ನರ ಮೇಲೆ ಲಾಠಿ ಬೀಸಿದರು.

ಕೆಜಿಎಫ್‌ಗೆ ಇದರಲ್ಲಿ ಏನು ಪಾಠ?

ಈ ಊರನ್ನು ಕಟ್ಟಿದ್ದೇ ಹೊರಗಿನಿಂದ ಬಂದವರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ ಬ್ರಿಟಿಷ್ ಅಧಿಕಾರಿಗಳಿಗೆ ಬಂಗಲೆ, ಕ್ಲಬ್, ಗಾಲ್ಫ್ ಮೈದಾನ ಸಿಕ್ಕಿತು. ಉತ್ತರ ಆರ್ಕಾಟ್ ಕಡೆಯಿಂದ ಬಂದ ದಲಿತ ಕಾರ್ಮಿಕರಿಗೆ ಸಿಕ್ಕಿದ್ದು ತಟ್ಟಿ ಗುಡಿಸಲು. 1930ರಲ್ಲಿ ಕಂಪನಿಗಳು ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಗಣಿ ಕಾರ್ಮಿಕರು ಮುಷ್ಕರ ಹೂಡಿದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅವರ ಮೊಮ್ಮಕ್ಕಳು ದಿನಾ ಟ್ರೈನ್ ಹತ್ತಿ ಬೆಂಗಳೂರಿಗೆ ಓಡಾಡ್ತಾರೆ. ರಿಜಿಸ್ಟರಿನಲ್ಲಿ ಹೆಸರಿದ್ದ ಮಾತ್ರಕ್ಕೆ ಊರು ನಮ್ಮದಾಗಲ್ಲ ಅನ್ನೋದು ಇವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ವಿದೇಶಿ ವಿದ್ಯಾರ್ಥಿಗೆ ಯಾವ ಹಕ್ಕುಗಳಿವೆ?

ಸಂವಿಧಾನದ 14 ಮತ್ತು 21ನೇ ವಿಧಿ ಪ್ರಜೆಗಳಿಗಷ್ಟೇ ಅಲ್ಲ, ಈ ನೆಲದಲ್ಲಿರುವ ಎಲ್ಲರಿಗೂ ಅನ್ವಯ. ತಾರತಮ್ಯ ತಡೆಯುವ 15ನೇ ವಿಧಿ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯದ 19ನೇ ವಿಧಿ ಮಾತ್ರ ಪ್ರಜೆಗಳಿಗೆ ಸೀಮಿತ. ಹಲ್ಲೆ ಆದರೆ ಯಾವ ಠಾಣೆಯಲ್ಲಾದರೂ ಝೀರೋ ಎಫ್‌ಐಆರ್ ದಾಖಲಿಸಬಹುದು. ಮಹಿಳೆಯರಿಗೆ ಮತ್ತು ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವಿದೆ, ಸಹಾಯವಾಣಿ 15100. ರ‍್ಯಾಗಿಂಗ್ ಆದರೆ 1800-180-5522. ಕಾಲೇಜಿನ ಕುಂದುಕೊರತೆ ಸಮಿತಿಗೂ ದೂರು ಕೊಡಬಹುದು.

ನೀವೇನು ಮಾಡಬಹುದು?

ನಿಮ್ಮ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ಹೊಣೆ ಯಾರದ್ದು, ಅವರ ಫೋನ್ ನಂಬರ್ ಯಾವುದು ಅಂತ ಕೇಳಿ. ಸರ್ಕಾರಿ ವಿವಿಗೆ ಇದೇ ಪ್ರಶ್ನೆಯನ್ನು ಆರ್‌ಟಿಐ ಅರ್ಜಿಯಲ್ಲಿ ಹಾಕಿ: ನೆರವಿನ ಕಚೇರಿ ಇದೆಯೇ, ಎಷ್ಟು ಸಿಬ್ಬಂದಿ, ಬಂದ ದೂರುಗಳೆಷ್ಟು, ಮುಗಿದಿದ್ದೆಷ್ಟು? ನೋಂದಣಿ ಅವಧಿ ಮುಗಿಯುವ ಮುಂಚೆ ನೆನಪಿಸೋದು, ಬಾಡಿಗೆ ಮನೆ ಹುಡುಕೋಕೆ ಜೊತೆಗೆ ಹೋಗೋದು, ಸಂಜೆ ಹೊತ್ತು ಒಂದಷ್ಟು ಬಳಕೆಯ ಕನ್ನಡ ಕಲಿಸೋದು, ಠಾಣೆಗೆ ಹೋಗಬೇಕಾದಾಗ ಕನ್ನಡ ಬಲ್ಲವರು ಒಬ್ಬರು ಜೊತೆಗಿರೋದು, ಇದನ್ನೆಲ್ಲ ವಿದ್ಯಾರ್ಥಿ ಸಂಘಟನೆಗಳು ನಾಳೆಯಿಂದಲೇ ಶುರು ಮಾಡಬಹುದು. ಹಾಗಂತ ವಿವಿಯ ಹೊಣೆ ತೀರಲ್ಲ. ದೂರದ ದೇಶದ ಹುಡುಗರಿಂದ ಫೀಸು ತಗೊಂಡ ಮೇಲೆ ಅವರ ಫೋನ್ ಎತ್ತಲೇಬೇಕು.