ಕಡಲೇ ಹೆದ್ದಾರಿಯಾಗಿದ್ದ ಊರು

ನಾರ್ವೆ ದೇಶದ ಪಶ್ಚಿಮತೀರದಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿ ನಿಂತ ಕೆಲವು ಶಿಲಾದ್ವೀಪಗಳ ಮೇಲೆ ಹರಡಿಕೊಂಡಿರುವ ಕ್ರಿಸ್ಟಿಯಾನ್‌ಸುಂಡ್ ಪಟ್ಟಣವು ಆರನೆಯ ಕ್ರಿಶ್ಚಿಯನ್ ಎಂಬ ಅರಸನಿಂದ 1742ರಲ್ಲಿ ನಗರದ ಪದವಿಯನ್ನೂ ಅವನ ಹೆಸರನ್ನೂ ಪಡೆಯಿತು. ಕಾಡ್ ಎಂಬ ಮೀನಿಗೆ ಉಪ್ಪು ಹಾಕಿ, ತೀರದ ಬಂಡೆಗಳ ಮೇಲೆ ಹರವಿ ಒಣಗಿಸಿ, ಸ್ಪೇನ್ ಪೋರ್ಚುಗಲ್‌ಗಳಿಗೆ ಹಡಗೇರಿಸುತ್ತಿದ್ದ ಅಲ್ಲಿಯ ವರ್ತಕರಿಗೆ ಸಮುದ್ರವೇ ರಾಜಮಾರ್ಗವಾಗಿದ್ದುದರಿಂದ, ತಾವು ದ್ವೀಪವಾಸಿಗಳೆಂಬುದು ಅವರಿಗೆ ಒಂದು ಕೊರತೆಯಾಗಿ ತೋರಿರಲಾರದು. ನಗರದೊಳಗೇ ದ್ವೀಪದಿಂದ ದ್ವೀಪಕ್ಕೆ ಜನರನ್ನು ದಾಟಿಸಲು 1876ರಿಂದ ಆವಿಯ ದೋಣಿಯು ಸಂಚರಿಸತೊಡಗಿತು.

ಮೋಟಾರು ವಾಹನಗಳ ಯುಗವು ಈ ಕ್ರಮವನ್ನು ತಲೆಕೆಳಗು ಮಾಡಿತು. ಸರಕೂ ಜನರೂ ರಸ್ತೆಯನ್ನು ಹಿಡಿದ ಮೇಲೆ, ಹಿಂದೆ ಊರನ್ನು ಲೋಕಕ್ಕೆ ಜೋಡಿಸಿದ್ದ ನೀರೇ ಈಗ ಅಡ್ಡಿಯೆನಿಸಿತು. ಪಟ್ಟಣದ ನಡುವಣ ಜಲಸಂಧಿಗಳಿಗೆ 1936ರಲ್ಲಿಯೂ 1963ರಲ್ಲಿಯೂ ಸೇತುವೆಗಳಾದುವಾದರೂ, ಮುಖ್ಯ ಭೂಭಾಗವನ್ನು ಮುಟ್ಟಬೇಕಾದವರು ವಾಹನಸಮೇತ ದೋಣಿಗಾಗಿ ಕಾದಿರಬೇಕಾಗಿತ್ತು.

ಆ ನಿರೀಕ್ಷೆಯನ್ನು ಕೊನೆಗಾಣಿಸಿದ ಕಾಮಗಾರಿಯು 1992ರಲ್ಲಿ ಪೂರ್ಣವಾಯಿತು. ಅದರಲ್ಲಿ ಮೂರು ಜಲಸಂಧಿಗಳಿಗೆ ಮೂರು ಬಗೆಯ ಉಪಾಯಗಳಿವೆ. ಹಡಗುಗಳ ಸಂಚಾರಕ್ಕೆ ಎಡೆಗೊಡಬೇಕಾದ ಯೆಮ್ನೆಸ್ ಜಲಸಂಧಿಯ ಮೇಲೆ, ಎರಡು ಗೋಪುರಗಳ ನಡುವೆ 623 ಮೀಟರ್ ಅಂತರವಿರುವ ತೂಗುಸೇತುವೆ. ಕಂಬ ನೆಡಲಾಗದಷ್ಟು ಆಳವಾದ ಬರ್ಗ್‌ಸೊಯ್ ಜಲಸಂಧಿಯಲ್ಲಿ, ಏಳು ಕಾಂಕ್ರೀಟು ತೇಲುಗಳ ಮೇಲೆ ಕಮಾನಿನಂತೆ ಬಾಗಿ, ಎರಡು ದಡಗಳಿಗೆ ಮಾತ್ರ ಬಂಧಿತವಾಗಿ ನಿಂತ ತೇಲುಸೇತುವೆ. ಫ್ರೈ ಫಿಯೋರ್ಡಿನ ಕೆಳಗೆ, ಸಮುದ್ರಮಟ್ಟದಿಂದ ಸುಮಾರು 130 ಮೀಟರ್ ಆಳಕ್ಕಿಳಿದು ಮತ್ತೆ ಮೇಲೇರುವ, ಐದು ಕಿಲೋಮೀಟರಿಗೂ ಮಿಕ್ಕಿ ಉದ್ದವುಳ್ಳ ಸುರಂಗ. ಕಲ್ಲನ್ನು ಕೊರೆದು ಮದ್ದಿಟ್ಟು ಸಿಡಿಸಿ ನಿರ್ಮಿಸಿದ ಇಂತಹ ಸುರಂಗಗಳಲ್ಲಿ ಒಸರುವ ನೀರನ್ನು ತಗ್ಗಿನಲ್ಲಿ ಕೂಡಿಸಿ, ಪಂಪುಗಳಿಂದ ನಿರಂತರವಾಗಿ ಹೊರಹಾಕಬೇಕಾಗುತ್ತದೆ. ಸಂಚರಿಸಿದವರೇ ಅನೇಕ ವರ್ಷ ಸುಂಕವನ್ನು ತೆತ್ತು ಈ ಕಾಮಗಾರಿಯ ವೆಚ್ಚದ ಹೊರೆಯನ್ನು ಹೊತ್ತರು. 2009ರಲ್ಲಿ ನೆರೆಯ ಆವೆರೊಯ್ ದ್ವೀಪಕ್ಕೂ, 250 ಮೀಟರ್ ಆಳದಲ್ಲಿ, ಇನ್ನೊಂದು ಸುರಂಗವು ತೆರೆಯಿತು.

ದಾರಿಗಳು ಇಷ್ಟಾದರೂ 1876ರ ಆ ದೋಣಿಯ ಸೇವೆಯನ್ನು ಪಟ್ಟಣವು ಕೈಬಿಡಲಿಲ್ಲ. ಆವಿಯನ್ನು ತೊರೆದು ಅದು ಇಂದಿಗೂ ಬಂದರಿನಲ್ಲಿ ಸಂಚರಿಸುತ್ತಿದೆ. ನೂತನ ಮಾರ್ಗವನ್ನು ತೆರೆಯುವವರು ಹಳೆಯದನ್ನು ಮುಚ್ಚಲೇಬೇಕೆಂಬ ನಿಯಮವೇನೂ ಇಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಕಿಲ್ಲ.