ಕಡಲಿಗೊಂದು ಗಾಜು, ಬಾನಿಗೊಂದು ಗಾಜು

ಹತ್ತೊಂಬತ್ತನೆಯ ಶತಮಾನದ ನಡುಭಾಗದ ಭೂದೃಶ್ಯಗಳ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಬಂಡೆ, ಸೇತುವೆ, ಗೋಪುರ ಎಲ್ಲವೂ ಸ್ಪಷ್ಟವಾಗಿವೆ; ಮೇಲಿನ ಆಕಾಶ ಮಾತ್ರ ಹೆಚ್ಚಿನವುಗಳಲ್ಲಿ ಬರೀ ಬಿಳಿ. ಆಗ ಮೋಡಗಳಿರಲಿಲ್ಲವೆಂದಲ್ಲ, ಅವನ್ನು ಹಿಡಿಯುವುದು ಫೋಟೋದ ಫಲಕಕ್ಕೆ ಕಷ್ಟವಾಗಿತ್ತು.

ಕಾರಣವಿದ್ದದ್ದು ರಸಾಯನದಲ್ಲಿ. 1851ರಲ್ಲಿ ಬಂದ ಕೊಲೋಡಿಯನ್ ಗಾಜುಫಲಕ ನೀಲಿ ಬೆಳಕಿಗೆ ಬಲುಬೇಗ ಸ್ಪಂದಿಸುತ್ತಿತ್ತು. ಕೆಂಪಿಗೆ ಹೆಚ್ಚುಕಡಿಮೆ ಕುರುಡು. ಹಾಗಾಗಿ ನೀಲಿ ಬಾನೂ ಬಿಳಿ ಮೋಡವೂ ಅದರಲ್ಲಿ ಒಂದೇ ಬಣ್ಣವಾಗುತ್ತಿದ್ದವು. ನೆಲಕ್ಕೆ ಸಾಕಾಗುವಷ್ಟು ಹೊತ್ತು ಬೆಳಕು ಬಿಟ್ಟರೆ ಆಕಾಶ ಅಳಿಸಿಹೋಗುತ್ತಿತ್ತು. ಆಕಾಶಕ್ಕೆ ಹೊಂದಿಸಿದರೆ ನೆಲ ಕತ್ತಲಾಗುತ್ತಿತ್ತು.

ಫ್ರಾನ್ಸಿನ ಗುಸ್ತಾವ್ ಲ ಗ್ರೇ ಇದಕ್ಕೊಂದು ದಾರಿ ಕಂಡುಕೊಂಡರು. 1856-57ರ ಸುಮಾರಿನ ಅವರ ಕೆಲವು ಕಡಲ ಚಿತ್ರಗಳಲ್ಲಿ ನೀರಿಗೊಂದು, ಬಾನಿಗೊಂದು ಬೇರೆ ನೆಗೆಟಿವ್‌ಗಳಿವೆ. ದಿಗಂತದ ಗೆರೆಯಲ್ಲಿ ಎರಡನ್ನೂ ಜೋಡಿಸಿ ಒಂದೇ ಕಾಗದಕ್ಕೆ ಇಳಿಸುತ್ತಿದ್ದರು. ಸೆತ್ ಎಂಬ ಊರಿನ ತೀರದಲ್ಲಿ ತೆಗೆದ 'ಮಹಾ ಅಲೆ' ಹುಟ್ಟಿದ್ದು ಹೀಗೆ. ನೋಡಿದವರು ಬೆರಗಾದರು. ಆದರೆ ಒಂದೇ ಆಕಾಶ ಅವರ ಬೇರೆ ಬೇರೆ ಕಡಲುಗಳ ಮೇಲೂ ಕಾಣಿಸಿಕೊಂಡಿದೆ!

ಇದು ಸುಳ್ಳೇ? ಕಡಲದಂಡೆಯಲ್ಲಿ ನಿಂತ ಮನುಷ್ಯನ ಕಣ್ಣು ಅಲೆಯನ್ನೂ ಮೋಡವನ್ನೂ ಒಟ್ಟಿಗೇ ಕಾಣುತ್ತದೆ. ಆ ಅನುಭವಕ್ಕೆ ಬಿಳಿ ಆಕಾಶಕ್ಕಿಂತ ಲ ಗ್ರೇ ಅವರ ಜೋಡಣೆಯೇ ಹತ್ತಿರ. ಅದರಲ್ಲಿ ಕಳೆದುಹೋದದ್ದು ಗಳಿಗೆ. ಅದಕ್ಕೂ ಮೊದಲೇ, 1821-22ರಲ್ಲಿ, ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ಬರೆದು, ಹಲವು ಚಿತ್ರಗಳ ಹಿಂಬದಿಯಲ್ಲಿ ತಾರೀಖು, ಹೊತ್ತು, ಗಾಳಿಯ ದಿಕ್ಕುಗಳನ್ನು ಗುರುತು ಹಾಕಿದ್ದರು. ಕೈಯಿಂದ ಬರೆದ ಮೋಡಕ್ಕೆ ಹೊತ್ತಿತ್ತು. ಯಂತ್ರ ಹಿಡಿದ ಮೋಡಕ್ಕೆ ಇರಲಿಲ್ಲ.

ಹವಾಮಾನ ಅಭ್ಯಾಸ ಮಾಡುವವರಿಗೆ ಈ ಗಳಿಗೆಯೇ ಮುಖ್ಯ. 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಫಲಕಕ್ಕೆ ಬಣ್ಣ ಬೆರೆಸಿ ಹಸಿರನ್ನೂ ಕಾಣುವಂತೆ ಮಾಡುವ ಬಗೆ ಕಂಡುಹಿಡಿದರು. ಅಂಥ ಫಲಕದ ಮುಂದೆ ಹಳದಿ ಗಾಜು ಇಟ್ಟರೆ ನೀಲಿ ಕಪ್ಪಾಗಿ, ಮೋಡ ಎದ್ದು ಕಾಣುತ್ತಿತ್ತು. 1896ರಲ್ಲಿ ಹೊರಬಂದ 'ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸ್' ಫೋಟೋಗಳನ್ನೇ ನೆಚ್ಚಿಕೊಂಡಿತು. ಯಾವ ದೇಶದ ವೀಕ್ಷಕರೇ ಆಗಲಿ, ಒಂದೇ ಮೋಡವನ್ನು ಒಂದೇ ಹೆಸರಿನಿಂದ ಕರೆಯಲಿ ಎಂಬುದು ಅದರ ಉದ್ದೇಶ.

ಆದರೆ ಹೆಸರಿಟ್ಟ ಮಾತ್ರಕ್ಕೆ ಮೋಡ ನಿಲ್ಲುತ್ತದೆಯೇ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದವರು ಜಪಾನಿನ ಭೌತವಿಜ್ಞಾನಿ ಮಸನಾವೊ ಅಬೆ. 1927ರಲ್ಲಿ ಅವರು ಫುಜಿ ಪರ್ವತ ಎದುರಿಗೇ ಕಾಣುವ ಗೊತೆಂಬಾದಲ್ಲಿ ವೀಕ್ಷಣಾಲಯ ಕಟ್ಟಿಸಿ, ವರ್ಷಗಟ್ಟಲೆ ಮೋಡಗಳ ಫೋಟೋ, ಚಲನಚಿತ್ರ ತೆಗೆದರು. ಫುಜಿ ಟೋಪಿ ತೊಟ್ಟರೆ ಮಳೆ ಹತ್ತಿರ ಎಂಬ ಮಾತು ಅಲ್ಲಿನ ಜನರಲ್ಲಿದೆ. ಆ ಟೋಪಿಮೋಡದ ಒಂದು ಫೋಟೋ ನೋಡಿದರೆ, ಶಿಖರದ ಮೇಲೆ ಯಾರೋ ತಂದಿಟ್ಟ ವಸ್ತುವಿನಂತೆ ಅದು ಸ್ಥಿರ. ನಿಧಾನವಾಗಿ ತೆಗೆದ ಫ್ರೇಮುಗಳನ್ನು ವೇಗವಾಗಿ ಓಡಿಸಿದರೆ ಬೇರೆಯದೇ ಕಥೆ. ಗಾಳಿ ಬೆಟ್ಟ ಹತ್ತುತ್ತಾ ತಣ್ಣಗಾಗುತ್ತದೆ, ಅದರ ತೇವ ಹನಿಗಟ್ಟುತ್ತದೆ; ಆಚೆ ಬದಿ ಇಳಿಯುವಾಗ ಬೆಚ್ಚಗಾಗಿ ಹನಿಗಳು ಆರುತ್ತವೆ. ಮೋಡ ನಿಂತಲ್ಲೇ ಇದೆ, ಅದರೊಳಗಿನ ನೀರು ಗಳಿಗೆಗಳಿಗೆಗೂ ಹೊಸತು.

ಇಂದು ನಮ್ಮ ಜೇಬಿನ ಫೋನು ಬೆಳಕಿನ ಬೇರೆ ಬೇರೆ ಪ್ರಮಾಣದ ಚಿತ್ರಗಳನ್ನು ಕಣ್ಣುಮಿಟುಕಿಸುವಷ್ಟರಲ್ಲಿ ತೆಗೆದು ಒಂದಾಗಿ ಹೆಣೆಯುತ್ತದೆ. ಲ ಗ್ರೇ ಕತ್ತಲಕೋಣೆಯಲ್ಲಿ ಮಾಡಿದ ಕೆಲಸವೇ ಅದು. ಅಬೆ ಮಾಡಿದ್ದನ್ನು ಮಾತ್ರ ಫೋನು ತಾನಾಗಿ ಮಾಡದು. ಅದಕ್ಕೆ ಬೆಳಗಿನಿಂದ ಬೈಗಿನವರೆಗೆ ಒಂದೇ ಕಡೆ ಮುಖ ಮಾಡಿ, ಹೊತ್ತು ಬರೆದಿಟ್ಟುಕೊಳ್ಳುತ್ತಾ ಕೂರುವ ಒಬ್ಬರು ಬೇಕು.